ಏಳನೇ ಕ್ಲಾಸಿಗೆ ಬಂದ ಮಗು ಯಾಕೆ ಬಾಯಿ ಬಿಡುವುದಿಲ್ಲ? ಮನೆ, ಶಾಲೆ ಮತ್ತು ಆತ್ಮಗೌರವ

ಐದನೇ ಕ್ಲಾಸಿನವರೆಗೆ ಪ್ರಶ್ನೆ ಮುಗಿಯುವ ಮುಂಚೆಯೇ ಕೈ ಎತ್ತುತ್ತಿದ್ದ ಮಗು. ಉತ್ತರ ತಪ್ಪಾದರೆ ಒಂದು ನಗು, ಮುಂದಿನ ಪ್ರಶ್ನೆಗೆ ಮತ್ತೆ ಕೈ ಮೇಲೆ. ಅದೇ ಮಗು ಏಳನೇ ಕ್ಲಾಸಿಗೆ ಬರುವ ಹೊತ್ತಿಗೆ ಉತ್ತರ ಗೊತ್ತಿದ್ದರೂ ತಲೆ ತಗ್ಗಿಸಿ ಕೂರುತ್ತದೆ. ಗೆಳೆಯರನ್ನು ಮನೆಗೆ ಕರೆಯುವುದನ್ನು ನಿಲ್ಲಿಸುತ್ತದೆ. 'ನಿಮ್ಮಪ್ಪ ಏನ್ ಕೆಲಸ ಮಾಡ್ತಾರೆ?' ಅಂತ ಯಾರಾದರೂ ಕೇಳಿದರೆ ಮಾತು ತಿರುಗಿಸುತ್ತದೆ. ಮನೆಯವರನ್ನು ಕೇಳಿ, 'ವಯಸ್ಸಿನ ಆಟ' ಅನ್ನುತ್ತಾರೆ. ಶಾಲೆಯವರನ್ನು ಕೇಳಿ, 'ಮನೆ ವಾತಾವರಣ ಸರಿಯಿಲ್ಲ' ಅನ್ನುತ್ತಾರೆ.

ಇಬ್ಬರ ಮಾತಿನಲ್ಲೂ ಸ್ವಲ್ಪ ಸತ್ಯವಿದೆ, ಅಷ್ಟೇ. ಸಂಶೋಧಕರು 60 ವರ್ಷಗಳಿಗೂ ಹೆಚ್ಚು ಕಾಲದಿಂದ ಈ ಪ್ರಶ್ನೆಯನ್ನು ಕೆದಕುತ್ತಿದ್ದಾರೆ. ಸಿಕ್ಕಿರುವ ಉತ್ತರ ನಾವು ಅಂದುಕೊಂಡಷ್ಟು ಸರಳವಾಗಿಲ್ಲ. ಬಡವರ ಮಕ್ಕಳಿಗೆಲ್ಲ ಕೀಳರಿಮೆ, ಉಳ್ಳವರ ಮಕ್ಕಳಿಗೆಲ್ಲ ಧೈರ್ಯ ಅನ್ನುವ ಲೆಕ್ಕ ಸರಿಹೊಂದುವುದೇ ಇಲ್ಲ. ಮಗು ಯಾರ ನಡುವೆ ಕೂತಿದೆ, ಅಲ್ಲಿ ಯಾವುದಕ್ಕೆ ಬೆಲೆ ಇದೆ, ಅದರ ಹಿನ್ನೆಲೆ ಅಲ್ಲಿ ಎಷ್ಟು ಎದ್ದು ಕಾಣುತ್ತದೆ ಎಂಬುದೇ ಹೆಚ್ಚು ಮುಖ್ಯ. ಅದಕ್ಕೇ ಮನೆ ಮತ್ತು ಶಾಲೆ ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು.

ಮೊದಲು, ಆತ್ಮಗೌರವ ಅಂದರೇನು?

'ಒಟ್ಟಾರೆ ನಾನು ಎಂಥ ಮನುಷ್ಯ? ನನಗೆ ಬೆಲೆ ಇದೆಯಾ?' ಈ ಪ್ರಶ್ನೆಗೆ ನಮ್ಮೊಳಗೆ ಸದಾ ಇರುವ ಉತ್ತರವೇ ಆತ್ಮಗೌರವ. ಇದು ಜಂಬವಲ್ಲ. ಜಂಬ ಇರುವವರಿಗೆ ತಾವು ಬೇರೆಯವರಿಗಿಂತ ಮೇಲು ಅನ್ನಿಸಬೇಕು. ಆತ್ಮಗೌರವ ಇರುವವರಿಗೆ ತಾವು ಬೇರೆಯವರಷ್ಟೇ ಬೆಲೆಯುಳ್ಳವರು ಅನ್ನಿಸಿದರೆ ಸಾಕು. ಆತ್ಮವಿಶ್ವಾಸವೂ ಬೇರೆ. ಅದು ಒಂದು ನಿರ್ದಿಷ್ಟ ಕೆಲಸದ ಬಗ್ಗೆ ಇರುವಂಥದ್ದು. ಗಣಿತದಲ್ಲಿ ಆತ್ಮವಿಶ್ವಾಸ ಇಲ್ಲದ ಹುಡುಗಿಗೆ ತನ್ನ ಬಗ್ಗೆ ಒಳ್ಳೆಯ ಗೌರವ ಇರಬಹುದು. ಎಲ್ಲ ವಿಷಯಗಳಲ್ಲೂ ಮುಂದಿರುವ ಹುಡುಗನಿಗೆ ಒಳಗೊಳಗೇ ತಾನು ಪ್ರಯೋಜನಕ್ಕೆ ಬಾರದವನು ಅನ್ನಿಸುತ್ತಿರಬಹುದು.

ಇದು ಹೇಗೆ ಸಾಧ್ಯ? ಅಮೆರಿಕದ ಮನಃಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲೇ ಇದಕ್ಕೊಂದು ಚಿಕ್ಕ ಸೂತ್ರ ಕೊಟ್ಟರು. ನಾವು ಸಾಧಿಸಿದ್ದನ್ನು ನಾವು ಆಸೆಪಟ್ಟಿದ್ದರಿಂದ ಭಾಗಿಸಿದರೆ ಬರುವುದೇ ಆತ್ಮಗೌರವ. ತಮ್ಮನ್ನೇ ಉದಾಹರಣೆಯಾಗಿ ಇಟ್ಟುಕೊಂಡರು. ಮನಃಶಾಸ್ತ್ರದಲ್ಲಿ ತಮಗಿಂತ ಹೆಚ್ಚು ಬಲ್ಲವರನ್ನು ಕಂಡರೆ ಅವರಿಗೆ ಅವಮಾನ ಆದಂತಾಗುತ್ತಿತ್ತಂತೆ. ಗ್ರೀಕ್ ಭಾಷೆ ಒಂದಕ್ಷರ ಬಾರದಿದ್ದರೂ ಏನೂ ಅನ್ನಿಸುತ್ತಿರಲಿಲ್ಲ. ಯಾವುದರ ಮೇಲೆ ನಮ್ಮ ಮಾನವನ್ನು ಪಣಕ್ಕಿಟ್ಟಿರುತ್ತೇವೋ ಅದರಲ್ಲಿ ಸೋತರೆ ಮಾತ್ರ ನೋವು.

ದೊಡ್ಡವರಾದ ನಾವು ಯಾವುದನ್ನು ಪಣಕ್ಕಿಡಬೇಕು ಅಂತ ಸ್ವಲ್ಪ ಮಟ್ಟಿಗೆ ಆಯ್ಕೆ ಮಾಡಬಹುದು. ಆಗದ ಕೆಲಸ ಬಿಟ್ಟು ಆಗುವ ಕೆಲಸ ಹಿಡಿಯಬಹುದು. ಹನ್ನೆರಡು ವರ್ಷದ ಮಗುವಿಗೆ ಈ ಅವಕಾಶ ಬಹಳ ಕಡಿಮೆ. ಯಾವುದಕ್ಕೆ ಬೆಲೆ ಅಂತ ಶಾಲೆ ಮೊದಲೇ ನಿರ್ಧಾರ ಮಾಡಿರುತ್ತದೆ. ಮಗು ಅಲ್ಲಿಂದ ಎದ್ದು ಹೋಗುವಂತೆಯೂ ಇಲ್ಲ.

ಇದನ್ನು ಅಳೆಯುವುದು ಹೇಗೆ? ಇವತ್ತಿಗೂ ಅತಿ ಹೆಚ್ಚು ಬಳಕೆಯಲ್ಲಿರುವುದು ಸಮಾಜಶಾಸ್ತ್ರಜ್ಞ ಮಾರಿಸ್ ರೋಸನ್‌ಬರ್ಗ್ 1965ರಲ್ಲಿ ಪ್ರಕಟಿಸಿದ 10 ವಾಕ್ಯಗಳ ಪಟ್ಟಿ. ಐದು ವಾಕ್ಯ ನಮ್ಮ ಪರ, ಐದು ವಿರುದ್ಧ. 'ಒಟ್ಟಿನಲ್ಲಿ ನನ್ನ ಬಗ್ಗೆ ನನಗೆ ಸಮಾಧಾನವಿದೆ' ಎನ್ನುವಂಥವು ಒಂದು ಕಡೆ, 'ಹೆಮ್ಮೆ ಪಡುವಂಥದ್ದು ನನ್ನಲ್ಲಿ ಏನೂ ಇಲ್ಲ' ಎನ್ನುವಂಥವು ಇನ್ನೊಂದು ಕಡೆ. ಪ್ರತಿಯೊಂದನ್ನೂ ಪೂರ್ತಿ ಒಪ್ಪುತ್ತೇನೆ ಎಂಬುದರಿಂದ ಒಪ್ಪುವುದೇ ಇಲ್ಲ ಎಂಬುದರವರೆಗೆ ನಾಲ್ಕು ಹಂತಗಳಲ್ಲಿ ಗುರುತಿಸಬೇಕು. ರೋಸನ್‌ಬರ್ಗ್ ಇದನ್ನು ಮೊದಲು ಬಳಸಿದ್ದು ನ್ಯೂಯಾರ್ಕ್ ರಾಜ್ಯದ 10 ಹೈಸ್ಕೂಲುಗಳ ಸುಮಾರು 5,000 ವಿದ್ಯಾರ್ಥಿಗಳ ಮೇಲೆ. ಐದೇ ನಿಮಿಷದಲ್ಲಿ ಮುಗಿಯುವ ಪಟ್ಟಿ. ಮನಸ್ಸಿನ ಪೂರ್ತಿ ಚಿತ್ರವನ್ನು ಇದು ಕೊಡುವುದಿಲ್ಲ. ಆದರೂ ಲಕ್ಷಾಂತರ ಜನರನ್ನು ಒಂದೇ ಅಳತೆಯಲ್ಲಿ ನೋಡಲು ಇದರಿಂದ ಸಾಧ್ಯವಾಯಿತು.

ಹತ್ತರಿಂದ ಹದಿನಾಲ್ಕು: ಈ ವಯಸ್ಸಲ್ಲೇ ಯಾಕೆ?

ವಿಶ್ವ ಆರೋಗ್ಯ ಸಂಸ್ಥೆ 10ರಿಂದ 19 ವರ್ಷದವರೆಗಿನ ಅವಧಿಯನ್ನು ಹದಿಹರೆಯ ಎಂದು ಕರೆಯುತ್ತದೆ. ಅದರ ಮೊದಲ ಅರ್ಧದಲ್ಲಿ, ಅಂದರೆ 10ರಿಂದ 14ರ ನಡುವೆ, ಮೂರು ಬದಲಾವಣೆಗಳು ಒಟ್ಟೊಟ್ಟಿಗೆ ಬರುತ್ತವೆ.

ಒಂದು, ಮೈ ಬದಲಾಗುತ್ತದೆ. ಅದೂ ಎಲ್ಲರಿಗೂ ಒಂದೇ ಸಲ ಅಲ್ಲ. ಒಂದೇ ಬೆಂಚಿನಲ್ಲಿ ಕೂತ ಇಬ್ಬರಲ್ಲಿ ಒಬ್ಬಳು ದೊಡ್ಡವಳಂತೆ, ಇನ್ನೊಬ್ಬಳು ಮಗುವಿನಂತೆ ಕಾಣುತ್ತಿರುತ್ತಾಳೆ. ಇಬ್ಬರಿಗೂ ತಾನೇ ಸರಿಯಿಲ್ಲ ಅಂತ ಅನ್ನಿಸುತ್ತಿರುತ್ತದೆ.

ಎರಡು, ಯೋಚಿಸುವ ರೀತಿ ಬದಲಾಗುತ್ತದೆ. ಆರು ವರ್ಷದ ಮಗುವನ್ನು 'ನೀನು ಹೇಗೆ?' ಅಂತ ಕೇಳಿ ನೋಡಿ. 'ನಾನು ಜೋರಾಗಿ ಓಡ್ತೀನಿ, ನನ್ನ ಹತ್ರ ಸೈಕಲ್ ಇದೆ' ಅನ್ನುತ್ತದೆ. ಹನ್ನೆರಡರ ಮಗು 'ನಾನು ಅವಳಷ್ಟು ಬುದ್ಧಿವಂತೆ ಅಲ್ಲ' ಅನ್ನುತ್ತದೆ. ತನ್ನನ್ನು ಬೇರೆಯವರ ಪಕ್ಕ ಇಟ್ಟು ಅಳೆಯುವ ಶಕ್ತಿ ಬಂದಿರುತ್ತದೆ. ಬೆಳವಣಿಗೆಯ ದೃಷ್ಟಿಯಿಂದ ಇದು ಪ್ರಗತಿಯೇ. ಆದರೆ ಅದರಿಂದ ಆಗುವ ನೋವೂ ನಿಜ.

ಮೂರು, ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನ್ನುವ ಭಾವನೆ. ಮನಃಶಾಸ್ತ್ರಜ್ಞ ಡೇವಿಡ್ ಎಲ್ಕೈಂಡ್ 1967ರಲ್ಲಿ ಇದನ್ನು 'ಕಲ್ಪಿತ ಪ್ರೇಕ್ಷಕರು' ಎಂದು ಕರೆದರು. ತುದಿ ಕಿತ್ತುಹೋದ ಶೂವನ್ನು ಬೆಂಚಿನ ಕೆಳಗೆ ಹಿಂದಕ್ಕೆ ಎಳೆದುಕೊಂಡು, ಇಡೀ ಪೀರಿಯಡ್ ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟು ಕೂತ ಹುಡುಗನನ್ನು ನೆನಪಿಸಿಕೊಳ್ಳಿ. ಕ್ಲಾಸಿನಲ್ಲಿ ಆ ಶೂವನ್ನು ಗಮನಿಸಿದವರು ಒಬ್ಬರೋ ಇಬ್ಬರೋ. ಅವನ ಲೆಕ್ಕದಲ್ಲಿ ನಲವತ್ತು ಜನ.

ಈ ವಯಸ್ಸಿನ ಮಕ್ಕಳು ತಮ್ಮನ್ನು ಯಾವ್ಯಾವ ವಿಷಯದಲ್ಲಿ ಅಳೆದುಕೊಳ್ಳುತ್ತಾರೆ ಎಂಬುದನ್ನು ಮನಃಶಾಸ್ತ್ರಜ್ಞೆ ಸುಸಾನ್ ಹಾರ್ಟರ್ ಬಿಡಿಸಿ ನೋಡಿದರು. ಓದು, ಗೆಳೆತನ, ಆಟ, ರೂಪ, ನಡತೆ. ಇವುಗಳಲ್ಲಿ ಒಟ್ಟಾರೆ ಆತ್ಮಗೌರವಕ್ಕೆ ಅತಿ ಹತ್ತಿರ ಇರುವುದು ಓದು ಎಂದು ನಾವು ಅಂದುಕೊಳ್ಳುತ್ತೇವೆ ಅಲ್ವಾ? ಹಾರ್ಟರ್ ಅವರಿಗೆ ಮತ್ತೆ ಮತ್ತೆ ಸಿಕ್ಕಿದ್ದು ರೂಪ. ಮಾರ್ಕ್ಸ್ ಕಾರ್ಡನ್ನು ಮಾತ್ರ ನೋಡಿ ಮಗು ಚೆನ್ನಾಗಿದೆ ಎಂದು ತೀರ್ಮಾನಿಸುವ ದೊಡ್ಡವರು ಈ ಭಾಗವನ್ನು ಪೂರ್ತಿ ತಪ್ಪಿಸಿಕೊಳ್ಳುತ್ತಾರೆ.

ಹಾಗಂತ ಈ ವಯಸ್ಸಿನಲ್ಲಿ ಎಲ್ಲರ ಆತ್ಮಗೌರವವೂ ಕುಸಿಯುತ್ತದೆ ಎನ್ನುವುದು ಉತ್ಪ್ರೇಕ್ಷೆ. ಉಲ್ರಿಕ್ ಆರ್ತ್ ಮತ್ತು ಜೊತೆಗಾರರು 2018ರಲ್ಲಿ ಒಂದು ದೊಡ್ಡ ಲೆಕ್ಕ ಹಾಕಿದರು. ಒಂದೇ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ 331 ಮಾದರಿಗಳು (ಅಧ್ಯಯನಕ್ಕೆ ಆರಿಸಿಕೊಂಡ ಜನರ ಗುಂಪುಗಳು), ಒಟ್ಟು 1,64,868 ಜನ. ಸರಾಸರಿ ಆತ್ಮಗೌರವ 4ರಿಂದ 11 ವರ್ಷದವರೆಗೆ ಏರುತ್ತದೆ. 11ರಿಂದ 15ರವರೆಗೆ ಇದ್ದಲ್ಲೇ ನಿಲ್ಲುತ್ತದೆ. ಆಮೇಲೆ ಮತ್ತೆ ಏರಿ 60ರ ಹೊತ್ತಿಗೆ ತುತ್ತತುದಿ ಮುಟ್ಟುತ್ತದೆ. ಅಂದರೆ ಇಡೀ ಯೌವನದ ಏರುದಾರಿಯಲ್ಲಿ ನಿಂತುಹೋಗುವ ಜಾಗ ಇದೊಂದೇ. ಆ ನಿಂತ ಸರಾಸರಿಯೊಳಗೆ ಕೆಲವು ಮಕ್ಕಳು ಏರುತ್ತಿರುತ್ತಾರೆ, ಕೆಲವರು ಇಳಿಯುತ್ತಿರುತ್ತಾರೆ. ಯಾರು ಇಳಿಯುತ್ತಾರೆ ಅನ್ನುವುದೇ ನಮ್ಮ ಪ್ರಶ್ನೆ.

ಮನೆಯ ಹಿನ್ನೆಲೆ ಎಷ್ಟು ಲೆಕ್ಕಕ್ಕೆ ಬರುತ್ತದೆ?

ಸಾಮಾಜಿಕ ಹಿನ್ನೆಲೆ ಅಂದರೆ ಬರೀ ದುಡ್ಡಲ್ಲ. ಅಪ್ಪ ಅಮ್ಮನ ಓದು, ಅವರ ಉದ್ಯೋಗ, ಆದಾಯ, ಸಮಾಜದಲ್ಲಿ ಆ ಮನೆತನಕ್ಕೆ ಇರುವ ಸ್ಥಾನ, ಆಡುವ ಭಾಷೆ, ಸೇರಿದ ಸಮುದಾಯ ಎಲ್ಲ ಸೇರಿ ಹಿನ್ನೆಲೆ.

1978ರಲ್ಲಿ ರೋಸನ್‌ಬರ್ಗ್ ಮತ್ತು ಲಿಯೊನಾರ್ಡ್ ಪರ್ಲಿನ್ ಒಂದು ವಿಚಿತ್ರವನ್ನು ಗಮನಿಸಿದರು. ವಯಸ್ಕರಲ್ಲಿ ಸಾಮಾಜಿಕ ಸ್ಥಾನಕ್ಕೂ ಆತ್ಮಗೌರವಕ್ಕೂ ಸಾಕಷ್ಟು ಸಂಬಂಧ ಇದೆ. ಹದಿಹರೆಯದವರಲ್ಲಿ ಸ್ವಲ್ಪ ಇದೆ. ಚಿಕ್ಕ ಮಕ್ಕಳಲ್ಲಿ ಇಲ್ಲ ಅನ್ನುವಷ್ಟು ಕಡಿಮೆ. 2002ರಲ್ಲಿ ಜೀನ್ ಟ್ವೆಂಗಿ ಮತ್ತು ಕೀತ್ ಕ್ಯಾಂಪ್‌ಬೆಲ್ 446 ಮಾದರಿಗಳ, 3 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದಾಗಲೂ ಕಂಡಿದ್ದು ಇದೇ ದಿಕ್ಕು. ಸಂಬಂಧ ಚಿಕ್ಕದು, ಬಾಲ್ಯದಲ್ಲಿ ಇನ್ನೂ ಚಿಕ್ಕದು, ಮಧ್ಯವಯಸ್ಸಿನವರೆಗೆ ಬೆಳೆಯುತ್ತಾ ಹೋಗುತ್ತದೆ.

ಯಾಕೆ ಹೀಗೆ? ಮೊದಲ ಕಾರಣ, ಚಿಕ್ಕ ಮಗು ಬೆಳೆಯುವುದು ಹೆಚ್ಚಾಗಿ ತನ್ನಂಥವರ ನಡುವೆಯೇ. ಅಕ್ಕಪಕ್ಕದ ಮನೆಗಳೆಲ್ಲ ಒಂದೇ ಥರ ಇದ್ದಾಗ ತನ್ನ ಮನೆ ಚಿಕ್ಕದು ಅಂತ ಗೊತ್ತಾಗುವುದಾದರೂ ಹೇಗೆ? ಎರಡನೇ ಕಾರಣ, ಮಗುವಿಗೆ ಆ ಸ್ಥಾನ ಹುಟ್ಟಿನಿಂದ ಬಂದದ್ದು, ತಾನು ಗಳಿಸಿದ್ದೂ ಅಲ್ಲ ಕಳೆದದ್ದೂ ಅಲ್ಲ. ವಯಸ್ಕನೊಬ್ಬ ತನ್ನ ಸಂಬಳವನ್ನು ತನ್ನ ಯೋಗ್ಯತೆಯ ಗುರುತು ಅಂತ ಓದಿಕೊಳ್ಳುತ್ತಾನೆ. ಏಳು ವರ್ಷದ ಮಗು ಅಪ್ಪನ ಸಂಬಳವನ್ನು ಹಾಗೆ ಓದುವುದಿಲ್ಲ. ಮೂರನೆಯದು, ಆ ವಯಸ್ಸಿನಲ್ಲಿ ಮಗು ಯಾರ ಮೆಚ್ಚುಗೆಗೆ ಕಾಯುತ್ತದೋ ಅವರೆಲ್ಲ ಮನೆಯವರೇ, ಅದೇ ಹಿನ್ನೆಲೆಯವರೇ. ಮನೆ ಬಡವರದ್ದು ಅಂತ ಅಜ್ಜಿ ಮೊಮ್ಮಗನನ್ನು ಕಡಿಮೆ ಮುದ್ದು ಮಾಡುವುದಿಲ್ಲವಲ್ಲ.

ಹದಿಹರೆಯದ ಹೊಸ್ತಿಲಲ್ಲಿ ಈ ಮೂರೂ ರಕ್ಷಣೆಗಳು ಒಂದೊಂದಾಗಿ ತೆಳುವಾಗುತ್ತವೆ. ಶಾಲೆ ದೊಡ್ಡದಾಗುತ್ತದೆ, ಬೇರೆ ಬೇರೆ ಮನೆಗಳ ಮಕ್ಕಳು ಪಕ್ಕದಲ್ಲಿ ಬಂದು ಕೂರುತ್ತಾರೆ. ಕಷ್ಟಪಟ್ಟರೆ ಯಾರು ಬೇಕಾದರೂ ಮೇಲೆ ಬರಬಹುದು ಅನ್ನುವ ಮಾತು ದಿನವೂ ಕಿವಿಗೆ ಬೀಳುತ್ತದೆ. ಅದರ ಹಿಂದೆಯೇ, ಮೇಲೆ ಬರದವರು ಕಷ್ಟಪಡಲಿಲ್ಲ ಅನ್ನುವ ಅರ್ಥವೂ ಮಗುವಿಗೆ ತಾಗುತ್ತದೆ. ಮನೆಯವರ ಮೆಚ್ಚುಗೆಗಿಂತ ಗೆಳೆಯರ ಮೆಚ್ಚುಗೆ ದೊಡ್ಡದಾಗಿ ಕಾಣತೊಡಗುತ್ತದೆ.

ಇದನ್ನು ಅಳೆಯಲು ಎಲಿಜಬೆತ್ ಗುಡ್‌ಮನ್ ಮತ್ತು ಜೊತೆಗಾರರು 2001ರಲ್ಲಿ ಒಂದು ಸರಳ ಉಪಾಯ ಮಾಡಿದರು. ಮಕ್ಕಳ ಮುಂದೆ 10 ಮೆಟ್ಟಿಲಿನ ಎರಡು ಏಣಿಗಳ ಚಿತ್ರ. ಮೊದಲನೆಯದು ಇಡೀ ಸಮಾಜ. ಅದರಲ್ಲಿ ನಿನ್ನ ಮನೆ ಎಲ್ಲಿದೆ, ಗುರುತು ಹಾಕು. ಎರಡನೆಯದು ನಿನ್ನ ಶಾಲೆ. ಮೇಲಿನ ಮೆಟ್ಟಿಲಲ್ಲಿ ಎಲ್ಲರೂ ಗೌರವಿಸುವವರು, ಕೆಳಗಿನದರಲ್ಲಿ ಯಾರೂ ಜೊತೆಗೆ ಸೇರಿಸಿಕೊಳ್ಳದವರು. ನೀನು ಎಲ್ಲಿದ್ದೀಯ? ಎರಡು ಏಣಿ ಬೇಕಾದ್ದೇ ಯಾಕೆಂದರೆ ಮಕ್ಕಳು ಎರಡರಲ್ಲೂ ಒಂದೇ ಮೆಟ್ಟಿಲಲ್ಲಿ ನಿಂತಿರಬೇಕಾಗಿಲ್ಲ. ಮೊದಲ ಏಣಿಯಲ್ಲಿ ಕೆಳಗಿದ್ದು ಎರಡನೆಯದರಲ್ಲಿ ಮೇಲಿರುವ ಮಕ್ಕಳು ಇರುತ್ತಾರೆ. ಉಲ್ಟಾ ಇರುವವರೂ ಇರುತ್ತಾರೆ.

ಮನೆಯ ವಿಷಯದಲ್ಲಿ ರೋಸನ್‌ಬರ್ಗ್ ಅವರ ಇನ್ನೊಂದು ಮಾತನ್ನು ಹೇಳಲೇಬೇಕು. ಮಗುವಿನ ಗೆಳೆಯರ ಹೆಸರು ಅಪ್ಪ ಅಮ್ಮನಿಗೆ ಗೊತ್ತಾ, ಮಾರ್ಕ್ಸ್ ಕಾರ್ಡ್ ಬಂದಾಗ ಏನು ಮಾಡುತ್ತಾರೆ, ಊಟದ ಹೊತ್ತಿನ ಮಾತಿನಲ್ಲಿ ಮಗುವಿಗೆ ಪಾಲು ಇದೆಯಾ ಅಂತ ಅವರು ಕೇಳಿದ್ದರು. ಅತಿ ಕಡಿಮೆ ಆತ್ಮಗೌರವ ಕಂಡಿದ್ದು ಬೈಯುವ ಅಪ್ಪ ಅಮ್ಮಂದಿರ ಮಕ್ಕಳಲ್ಲಲ್ಲ. ಮಾರ್ಕ್ಸ್ ಕಾರ್ಡಿನ ಕಡೆ ಕಣ್ಣೆತ್ತಿಯೂ ನೋಡದವರ ಮಕ್ಕಳಲ್ಲಿ. ಬೈಗುಳ ಒಳ್ಳೆಯದು ಅಂತ ಇದರ ಅರ್ಥವಲ್ಲ. 'ನೀನು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ' ಅನ್ನುವ ಸಂದೇಶ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದನ್ನು ಇದು ತೋರಿಸುತ್ತದೆ. ಎರಡು ಪಾಳಿ ದುಡಿದು ಬರುವ ತಾಯಿಗೆ ಈ ಗಮನ ಕೊಡಲು ಸಮಯವೇ ಸಿಗದಿರಬಹುದು. ಕಾಳಜಿ ಇಲ್ಲದ್ದಕ್ಕೂ ಬಿಡುವಿಲ್ಲದ್ದಕ್ಕೂ ಇರುವ ವ್ಯತ್ಯಾಸ ದೊಡ್ಡವರಿಗೆ ಗೊತ್ತು, ಮಗುವಿಗೆ ಯಾವಾಗಲೂ ಗೊತ್ತಾಗುವುದಿಲ್ಲ. ಆದಾಯ ಮನಸ್ಸಿಗೆ ಇಳಿಯುವ ದಾರಿಗಳಲ್ಲಿ ಇದೂ ಒಂದು.

ಅವಮಾನಿತ ಗುಂಪಿನ ಮಕ್ಕಳು: ಊಹೆ ಎಲ್ಲಿ ತಪ್ಪಿತು?

ಸಮಾಜ ಕೀಳಾಗಿ ನೋಡುವ ಗುಂಪಿನಲ್ಲಿ ಹುಟ್ಟಿದ ಮಗು ತನ್ನನ್ನು ತಾನೂ ಕೀಳಾಗಿ ನೋಡುತ್ತದೆ ಎಂದು ಬಹಳ ಕಾಲ ನಂಬಲಾಗಿತ್ತು. ಕೇಳಲು ಸರಿಯಾಗಿಯೇ ಇದೆ. ಆದರೆ 1971ರಲ್ಲಿ ರೋಸನ್‌ಬರ್ಗ್ ಮತ್ತು ರಾಬರ್ಟಾ ಸಿಮನ್ಸ್ ಅಮೆರಿಕದ ಬಾಲ್ಟಿಮೋರ್ ನಗರದ ಶಾಲಾ ಮಕ್ಕಳ ಅಧ್ಯಯನ ಪ್ರಕಟಿಸಿದಾಗ, ಕಪ್ಪು ಮಕ್ಕಳ ಆತ್ಮಗೌರವ ಬಿಳಿ ಮಕ್ಕಳಿಗಿಂತ ಕಡಿಮೆ ಇರಲಿಲ್ಲ. ಮುಂದಿನ ದಶಕಗಳ ಅಮೆರಿಕದ ಅಧ್ಯಯನಗಳಲ್ಲಿ ಸರಾಸರಿ ಸ್ವಲ್ಪ ಹೆಚ್ಚೇ ಇತ್ತು.

1989ರಲ್ಲಿ ಜೆನಿಫರ್ ಕ್ರಾಕರ್ ಮತ್ತು ಬ್ರೆಂಡಾ ಮೇಜರ್ ಇದಕ್ಕೆ ವಿವರಣೆ ಕೊಟ್ಟರು. ತನ್ನನ್ನು ತಳ್ಳಿದವರು ತನ್ನ ಗುಂಪಿನ ಮೇಲಿನ ಪೂರ್ವಗ್ರಹದಿಂದ ತಳ್ಳಿದರು ಎಂದು ತಿಳಿದಾಗ ತಪ್ಪು ಅವರದ್ದು, ನನ್ನದಲ್ಲ ಅನ್ನುವ ದಾರಿ ತೆರೆಯುತ್ತದೆ. ಹೋಲಿಕೆಯನ್ನು ತನ್ನ ಗುಂಪಿನವರ ಜೊತೆಗೇ ಇಟ್ಟುಕೊಳ್ಳಬಹುದು. ತನ್ನವರು ಚೆನ್ನಾಗಿ ಮಾಡುವ ಕೆಲಸಗಳಿಗೆ ಹೆಚ್ಚು ಬೆಲೆ ಕೊಡಬಹುದು. ಮನೆ ಮತ್ತು ಸಮುದಾಯ ಗಟ್ಟಿಯಾಗಿ ಜೊತೆಗೆ ನಿಂತರೆ ಹೊರಗಿನ ಅವಮಾನ ನೇರವಾಗಿ ಒಳಗೆ ಬರುವುದಿಲ್ಲ. ಎಲ್ಲ ಗುಂಪುಗಳಿಗೂ, ಎಲ್ಲ ಕಾಲಕ್ಕೂ ಇದು ಹೀಗೇ ಎನ್ನಲು ಬರುವುದಿಲ್ಲ. ತನಗೆ ಸಿಗುತ್ತಿರುವುದೇ ನ್ಯಾಯ ಎಂದು ನಂಬಿದ ಮಗುವಿಗೆ ಈ ಗುರಾಣಿ ಸಿಗುವುದಿಲ್ಲ.

ಶಾಲೆ ಇಲ್ಲಿ ಪ್ರವೇಶಿಸುತ್ತದೆ. ತಮ್ಮವರೇ ಹೆಚ್ಚಿರುವ ಶಾಲೆಯಲ್ಲಿ ಓದಿದ ಮಕ್ಕಳಿಗೂ, ತಾವು ಅಲ್ಪಸಂಖ್ಯಾತರಾಗಿದ್ದ ಶಾಲೆಯಲ್ಲಿ ಓದಿದ ಮಕ್ಕಳಿಗೂ ಬಾಲ್ಟಿಮೋರ್‌ನಲ್ಲೇ ವ್ಯತ್ಯಾಸ ಕಂಡಿತ್ತು. ಎರಡನೆಯವರ ಆತ್ಮಗೌರವ ಕಡಿಮೆ. ಅದಕ್ಕೂ ಮುಂಚೆ ಧರ್ಮದ ವಿಷಯದಲ್ಲೂ ರೋಸನ್‌ಬರ್ಗ್ ಇದನ್ನೇ ಕಂಡಿದ್ದರು. ಬೇರೆ ಧರ್ಮದವರೇ ತುಂಬಿದ ಬಡಾವಣೆಯಲ್ಲಿ ಬೆಳೆದ ಮಕ್ಕಳಿಗೆ, ತಮ್ಮವರ ನಡುವೆ ಬೆಳೆದ ಅದೇ ಧರ್ಮದ ಮಕ್ಕಳಿಗಿಂತ ಆತ್ಮಗೌರವ ಕಡಿಮೆ. ಗುಂಪು ಅದೇ, ಸುತ್ತಲಿನ ಜನ ಬೇರೆ. ಹಾಗಾದರೆ ಬೇರೆ ಬೇರೆ ಹಿನ್ನೆಲೆಯ ಮಕ್ಕಳನ್ನು ಒಟ್ಟಿಗೆ ಓದಿಸಬಾರದೇ? ಈ ಅಂಕಿಗಳು ಹಾಗೆ ಹೇಳುವುದಿಲ್ಲ. ಕಲಿಕೆ, ಅವಕಾಶ, ಮುಂದಿನ ಬದುಕು ಇವೆಲ್ಲ ಬೇರೆಯೇ ಲೆಕ್ಕಗಳು. ಒಂದೇ ಕೋಣೆಯಲ್ಲಿ ಕೂರಿಸಿದರೆ ಕೆಲಸ ಮುಗಿಯಿತು ಅಂತ ಕೈತೊಳೆದುಕೊಳ್ಳುವಂತಿಲ್ಲ ಎನ್ನುವುದಷ್ಟೇ ಇಲ್ಲಿನ ವಿಷಯ.

ಹಿನ್ನೆಲೆಯನ್ನು ಎಲ್ಲರೆದುರು ಎತ್ತಿ ಹೇಳಿದರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಪ್ರದೇಶದಲ್ಲಿ ನಡೆದ ಒಂದು ಪ್ರಯೋಗ ಬಹಳ ಪ್ರಸಿದ್ಧ. 2000ದ ದಶಕದಲ್ಲಿ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ 6 ಮತ್ತು 7ನೇ ತರಗತಿಯ ಹಳ್ಳಿ ಹುಡುಗರಿಗೆ ಕಾಗದದ ಮೇಲೆ ದಾರಿ ಹುಡುಕುವ ಒಗಟುಗಳನ್ನು ಕೊಟ್ಟರು. ಬಿಡಿಸಿದಷ್ಟು ಒಗಟಿಗೆ ದುಡ್ಡು. ಜಾತಿಯ ಮಾತೇ ಎತ್ತದಿದ್ದಾಗ ಮೇಲ್ಜಾತಿ, ಕೆಳಜಾತಿ ಎಂದು ಕರೆಸಿಕೊಳ್ಳುವ ಹುಡುಗರ ನಡುವೆ ವ್ಯತ್ಯಾಸವೇ ಇರಲಿಲ್ಲ. ಆಟಕ್ಕೆ ಮುಂಚೆ ಪ್ರತಿ ಹುಡುಗನ ಹೆಸರಿನ ಜೊತೆ ಜಾತಿಯನ್ನೂ ಗುಂಪಿನೆದುರು ಓದಿ ಹೇಳಿದಾಗ ಕೆಳಜಾತಿಯ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ಇಳಿದುಹೋಯಿತು. ಇಲ್ಲಿ ಅಳೆದದ್ದು ಆತ್ಮಗೌರವವನ್ನಲ್ಲ, ಕೆಲಸವನ್ನು. ಅಂಜಿಕೆಯೋ, ನ್ಯಾಯ ಸಿಗುವುದಿಲ್ಲ ಎಂಬ ಅನುಮಾನವೋ, ಯಾವುದು ಎಷ್ಟು ಕೆಲಸ ಮಾಡಿತು ಎಂಬುದು ಬೇರೆ ಚರ್ಚೆ. ಒಂದಂತೂ ಸ್ಪಷ್ಟ. ಆ ಹುಡುಗರ ಹಿನ್ನೆಲೆ ಎರಡೂ ಸಂದರ್ಭದಲ್ಲಿ ಅದೇ ಇತ್ತು. ಬದಲಾಗಿದ್ದು ಅದನ್ನು ಜೋರಾಗಿ ಓದಿದ್ದು ಮಾತ್ರ.

ಫೀಸು ಕಟ್ಟದವರ ಹೆಸರನ್ನು ಕ್ಲಾಸಿನಲ್ಲಿ ಕೂಗುವುದು, ರಿಯಾಯಿತಿ ಪಡೆಯುವವರನ್ನು ಎದ್ದು ನಿಲ್ಲಿಸುವುದು, ಹಾಜರಿಯ ಜೊತೆಗೇ ತಂದೆಯ ಉದ್ಯೋಗ ಕೇಳುವುದು. ಕಚೇರಿ ಕೆಲಸ ಬೇಗ ಮುಗಿಯಲಿ ಅಂತ ಮಾಡುವಂಥವು ಇವು, ಆದರೆ ಇವೂ ಮಗುವಿನ ಹಿನ್ನೆಲೆಯನ್ನು ಜೋರಾಗಿ ಓದಿದಂತೆಯೇ.

ಶಾಲೆ ಬದಲಾದಾಗ

ಶಾಲೆಯ ವ್ಯವಸ್ಥೆಯೇ ಆತ್ಮಗೌರವವನ್ನು ಅಲುಗಿಸಬಲ್ಲದು ಎಂಬುದಕ್ಕೆ ಗಟ್ಟಿ ಸಾಕ್ಷ್ಯ ಬಂದಿದ್ದು ಅಮೆರಿಕದ ಮಿಲ್ವಾಕಿ ನಗರದಿಂದ. ಅಲ್ಲಿ ಎರಡು ಥರದ ಶಾಲೆಗಳಿದ್ದವು. ಕೆಲವು ಮಕ್ಕಳು ಎಂಟನೇ ತರಗತಿವರೆಗೂ ಒಂದೇ ಶಾಲೆಯಲ್ಲಿ ಇರುತ್ತಿದ್ದರು. ಕೆಲವರು ಏಳನೇ ತರಗತಿಗೇ ಬೇರೆ, ದೊಡ್ಡ ಶಾಲೆಗೆ ಹೋಗಬೇಕಿತ್ತು. ವಯಸ್ಸು ಒಂದೇ, ಊರು ಒಂದೇ, ವ್ಯವಸ್ಥೆ ಮಾತ್ರ ಬೇರೆ. ಸಿಮನ್ಸ್ ಮತ್ತು ಡೇಲ್ ಬ್ಲೈತ್ ಈ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ 1987ರಲ್ಲಿ ಪೂರ್ತಿ ವರದಿ ಕೊಟ್ಟರು.

ಏಳನೇ ತರಗತಿಗೆ ಶಾಲೆ ಬದಲಿಸಿದ ಹುಡುಗಿಯರ ಆತ್ಮಗೌರವ ಇಳಿಯಿತು. ಅದೇ ಶಾಲೆಯಲ್ಲಿ ಉಳಿದ ಹುಡುಗಿಯರದ್ದು ಹಾಗೆ ಇಳಿಯಲಿಲ್ಲ. ಹುಡುಗರಲ್ಲಿ ಈ ಕುಸಿತ ಕಾಣಲಿಲ್ಲ. ಹುಡುಗಿಯರಿಗೇ ಯಾಕೆ? ಅವರ ಮೈ ಬೇಗ ಬದಲಾಗುತ್ತದೆ. ಹಾಗಾಗಿ ಶಾಲೆಯ ಬದಲಾವಣೆಯೂ ಮೈಯ ಬದಲಾವಣೆಯೂ ಒಟ್ಟಿಗೆ ಎರಗುತ್ತವೆ. ಅದರ ಜೊತೆಗೆ ಮನೆ ಬದಲಾಗುವುದು, ಅಪ್ಪ ಅಮ್ಮ ಬೇರೆಯಾಗುವುದು ಇಂಥವೂ ಅದೇ ವರ್ಷ ಸೇರಿಕೊಂಡರೆ ಹೊಡೆತ ಇನ್ನೂ ಜಾಸ್ತಿ. ಎಲ್ಲ ಕಡೆಯೂ ನೆಲ ಅಲುಗುವಾಗ ಮಗುವಿಗೆ ಕಾಲೂರಲು ಒಂದಾದರೂ ನೆಮ್ಮದಿಯ ಜಾಗ ಬೇಕು ಎಂಬುದು ಅವರ ತೀರ್ಮಾನ. ಮನೆಯೋ, ಹಳೆಯ ಗೆಳತಿಯೋ, ಒಂದು ಆಟದ ತಂಡವೋ.

ಹೊಸ ಶಾಲೆಯಲ್ಲಿ ಅಂಥದ್ದೇನಿತ್ತು? ಜಾಕ್ವೆಲಿನ್ ಎಕಲ್ಸ್, ಕ್ಯಾರಲ್ ಮಿಡ್ಜ್‌ಲಿ ಮತ್ತು ಜೊತೆಗಾರರು ಮಿಷಿಗನ್‌ನಲ್ಲಿ ಇದನ್ನು ಹತ್ತಿರದಿಂದ ನೋಡಿದರು. ಹಿಂದಿನ ಶಾಲೆಯಲ್ಲಿ ಒಬ್ಬರೇ ಟೀಚರ್ ಇಡೀ ದಿನ ಇರುತ್ತಿದ್ದರು. ಈಗ ಪೀರಿಯಡ್‌ಗೊಬ್ಬರು. ಯಾರಿಗೂ ಮಗುವಿನ ಹೆಸರು ಸರಿಯಾಗಿ ಗೊತ್ತಿಲ್ಲ. ಸ್ವಂತ ನಿರ್ಧಾರ ಮಾಡಬೇಕು ಅನ್ನುವ ಹುಮ್ಮಸ್ಸು ಬಂದ ವಯಸ್ಸಿನಲ್ಲೇ ಶಿಸ್ತು ಬಿಗಿಯಾಗುತ್ತದೆ. ಬೇರೆಯವರ ಕಣ್ಣಿನ ಭಯ ಹೆಚ್ಚಾದ ಹೊತ್ತಿನಲ್ಲೇ ರ್‍ಯಾಂಕ್, ಸೆಕ್ಷನ್ ವಿಂಗಡಣೆ ಶುರುವಾಗುತ್ತದೆ. ಮನೆಯ ಹೊರಗೆ ನಂಬಬಹುದಾದ ದೊಡ್ಡವರೊಬ್ಬರು ಬೇಕು ಅನ್ನಿಸುವಾಗಲೇ ಶಿಕ್ಷಕರು ದೂರವಾಗುತ್ತಾರೆ. 1993ರಲ್ಲಿ ಅವರು ಬರೆದದ್ದರ ಸಾರ ಇಷ್ಟು: ದೋಷ ವಯಸ್ಸಿನದ್ದೂ ಅಲ್ಲ, ಶಾಲೆಯದ್ದೊಂದೇ ಅಲ್ಲ, ಎರಡೂ ಒಂದಕ್ಕೊಂದು ಹೊಂದುತ್ತಿಲ್ಲ.

ಇದು ತರಗತಿಯಲ್ಲಿ ಹೇಗೆ ಕಾಣುತ್ತದೆ? ಉತ್ತರಪತ್ರಿಕೆ ಹಂಚುವ ದಿನ. ಟೀಚರ್ ಪತ್ರಿಕೆಗಳನ್ನು ಮಾರ್ಕ್ಸಿನ ಪ್ರಕಾರ ಜೋಡಿಸಿಕೊಂಡು ಬಂದಿದ್ದಾರೆ. ಹೆಚ್ಚು ಬಂದವರ ಹೆಸರು ಮೊದಲು. ಹತ್ತು ಹೆಸರು ಕರೆಯುವಷ್ಟರಲ್ಲಿ ಇಡೀ ಕ್ಲಾಸಿಗೆ ಕ್ರಮ ಗೊತ್ತಾಗಿದೆ. ಇಪ್ಪತ್ತು ದಾಟಿದ ಮೇಲೆ ಪತ್ರಿಕೆ ತರಲು ಎದ್ದು ಹೋಗುವವರ ನಡಿಗೆ ಬದಲಾಗುತ್ತದೆ. ಕೊನೆಯ ಐದಾರು ಮಕ್ಕಳಿಗೆ ತಮ್ಮ ಹೆಸರು ಇನ್ನೂ ಬಂದಿಲ್ಲ ಅನ್ನುವುದೇ ಫಲಿತಾಂಶ. ಪತ್ರಿಕೆ ಕೈಗೆ ಬಂದ ಕೂಡಲೇ ಮಾರ್ಕ್ಸ್ ಬರೆದ ಮೂಲೆಯನ್ನು ಒಳಕ್ಕೆ ಮಡಚುತ್ತಾರೆ. ಯಾವ ಪ್ರಶ್ನೆ ಯಾಕೆ ತಪ್ಪಾಯಿತು ಅಂತ ಆಮೇಲೆ ಯಾರೂ ಬಿಡಿಸಿ ನೋಡುವುದಿಲ್ಲ. ಪರೀಕ್ಷೆಯ ಉದ್ದೇಶವೇ ಅಲ್ಲಿಗೆ ಮುಗಿಯಿತು.

ಮನೆಯ ಹಿನ್ನೆಲೆ ಇಲ್ಲೂ ಹಿಂಬಾಗಿಲಿನಿಂದ ಬರುತ್ತದೆ. ಟ್ಯೂಷನ್, ಓದಲು ಜಾಗ, ಲೆಕ್ಕ ಹೇಳಿಕೊಡಬಲ್ಲ ಅಕ್ಕ ಅಣ್ಣ, ಶಾಲೆಯ ಭಾಷೆಯನ್ನೇ ಆಡುವ ಮನೆ. ಇವೆಲ್ಲ ಮಾರ್ಕ್ಸಿನಲ್ಲಿ ಸೇರಿಕೊಂಡಿರುತ್ತವೆ. ಆದರೆ ಪತ್ರಿಕೆಯ ಮೂಲೆಯಲ್ಲಿ ಬರೆದ ಸಂಖ್ಯೆ ಅದನ್ನೆಲ್ಲ ಹೇಳುವುದಿಲ್ಲ. ಅದನ್ನು ಮಗು ತನ್ನ ಬುದ್ಧಿಯ ಅಳತೆ ಅಂತಲೇ ಓದುತ್ತದೆ.

ಒಳ್ಳೆಯ ಶಾಲೆಗೆ ಸೇರಿಸಿದರೆ?

'ಹಾಳೂರಿಗೆ ಉಳಿದವನೇ ಗೌಡ' ಅನ್ನುತ್ತೇವಲ್ಲ, ಸಂಶೋಧನೆಯಲ್ಲಿ ಅದಕ್ಕೆ ತಕ್ಕ ಪುರಾವೆ ಇದೆ. ಹರ್ಬರ್ಟ್ ಮಾರ್ಶ್ 1980ರ ದಶಕದಲ್ಲಿ ತೋರಿಸಿದ್ದು ಇದು. ಒಂದೇ ಸಾಮರ್ಥ್ಯದ ಇಬ್ಬರು ಮಕ್ಕಳು. ಒಬ್ಬಳು ಸಾಮಾನ್ಯ ಶಾಲೆಯಲ್ಲಿ, ಇನ್ನೊಬ್ಬಳು ಆಯ್ದ ಜಾಣರೇ ತುಂಬಿದ ಶಾಲೆಯಲ್ಲಿ. ಓದಿನ ಬಗ್ಗೆ ತನ್ನ ಮೇಲೆ ಹೆಚ್ಚು ನಂಬಿಕೆ ಇರುವುದು ಮೊದಲನೆಯವಳಿಗೆ. ಅಳೆದುಕೊಳ್ಳಲು ಪಕ್ಕದಲ್ಲಿ ಯಾರಿದ್ದಾರೆ ಎಂಬುದೇ ಕಾರಣ. 2003ರಲ್ಲಿ ಮಾರ್ಶ್ ಮತ್ತು ಕಿಟ್-ಟಾಯ್ ಹಾವ್ 26 ದೇಶಗಳ, 15 ವರ್ಷ ವಯಸ್ಸಿನ 1 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಲ್ಲಿ ಇದನ್ನೇ ನೋಡಿದರು. ಬಹುತೇಕ ಎಲ್ಲ ಕಡೆಯೂ ಅದೇ.

ಒಂದು ಸೂಕ್ಷ್ಮ ಇದೆ. ಇಲ್ಲಿ ಇಳಿಯುವುದು ಓದಿನ ಬಗೆಗಿನ ನಂಬಿಕೆ, ಒಟ್ಟಾರೆ ಆತ್ಮಗೌರವ ಅಷ್ಟಾಗಿ ಇಳಿಯುವುದಿಲ್ಲ. ಒಳ್ಳೆಯ ಶಾಲೆಯಿಂದ ಬೇರೆ ಲಾಭಗಳೂ ಇರುತ್ತವೆ. ಆದರೂ ಊರಿನ ಶಾಲೆಯಲ್ಲಿ ಮೊದಲಿಗನಾಗಿದ್ದ ಮಗು ಹೊಸ ಶಾಲೆಯ ಮೊದಲ ಟೆಸ್ಟಿನಲ್ಲಿ ಮೂವತ್ತನೆಯವನಾಗಿ ಮನೆಗೆ ಬಂದಾಗ ಅವನಿಗೆ ಏನಾಗಿದೆ ಎಂದು ತಿಳಿಯಲು ಇದು ಸಹಾಯ ಮಾಡುತ್ತದೆ. ಅವನ ಬುದ್ಧಿ ಒಂದೇ ತಿಂಗಳಲ್ಲಿ ಕರಗಿಲ್ಲ.

ಹಾಗಾದರೆ ಹೊಗಳಿದರೆ ಸಾಕೇ?

ಈ ಪ್ರಯೋಗವೂ ದೊಡ್ಡ ಮಟ್ಟದಲ್ಲಿ ಆಗಿಹೋಗಿದೆ. 1986ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ಆತ್ಮಗೌರವ ಹೆಚ್ಚಿಸುವ ಸಲುವಾಗಿಯೇ ಒಂದು ಕಾರ್ಯಪಡೆ ಮಾಡಿತು. ಮಕ್ಕಳ ಆತ್ಮಗೌರವ ಏರಿಸಿದರೆ ಅಪರಾಧ, ಮಾದಕವ್ಯಸನ, ಓದಿನಲ್ಲಿ ಹಿಂದೆ ಬೀಳುವುದು ಎಲ್ಲ ತಾನಾಗಿ ಕಡಿಮೆಯಾಗುತ್ತದೆ ಎಂಬ ಆಸೆ. 2003ರಲ್ಲಿ ರಾಯ್ ಬೌಮೈಸ್ಟರ್ ಮತ್ತು ಜೊತೆಗಾರರು ಇದ್ದ ಪುರಾವೆಗಳನ್ನೆಲ್ಲ ಜಾಲಾಡಿದಾಗ ಆ ಆಸೆಗೆ ಬಲ ಸಿಗಲಿಲ್ಲ. ಆತ್ಮಗೌರವ ಇದ್ದರೆ ಸಂತೋಷ ಹೆಚ್ಚು, ಹೊಸದಕ್ಕೆ ಕೈ ಹಾಕುವ ಧೈರ್ಯ ಹೆಚ್ಚು. ಆದರೆ ಆತ್ಮಗೌರವ ಏರಿಸಿದ್ದರಿಂದ ಮಾರ್ಕ್ಸ್ ಏರಲಿಲ್ಲ. ಚೆನ್ನಾಗಿ ಓದಿದ್ದರಿಂದ ಆತ್ಮಗೌರವ ಏರುವುದೇ ಹೆಚ್ಚು.

ಹೊಗಳಿಕೆಯಲ್ಲೂ ಅಳತೆ ತಪ್ಪಿದರೆ ತೊಂದರೆ. ನೆದರ್ಲೆಂಡ್ಸ್‌ನಲ್ಲಿ ಎಡ್ಡಿ ಬ್ರುಮೆಲ್ಮನ್ ಮತ್ತು ಜೊತೆಗಾರರು 2014ರಲ್ಲಿ ಮಕ್ಕಳಿಂದ ಚಿತ್ರ ಬರೆಸಿದರು. ಕೆಲವರಿಗೆ 'ಚೆನ್ನಾಗಿದೆ' ಎಂಬ ಚೀಟಿ, ಕೆಲವರಿಗೆ 'ಅದ್ಭುತವಾಗಿದೆ' ಎಂಬ ಉಬ್ಬಿಸಿದ ಚೀಟಿ, ಕೆಲವರಿಗೆ ಏನೂ ಇಲ್ಲ. ಆಮೇಲೆ ಸುಲಭದ ಚಿತ್ರ ಬೇಕಾ, ಕಷ್ಟದ್ದು ಬೇಕಾ ಅಂತ ಕೇಳಿದರು. ಆತ್ಮಗೌರವ ಕಡಿಮೆ ಇದ್ದ ಮಕ್ಕಳು 'ಅದ್ಭುತ' ಕೇಳಿದ ಮೇಲೆ ಕಷ್ಟದ ಚಿತ್ರದಿಂದ ಹಿಂದೆ ಸರಿದರು. ಮುಂದಿನ ಸಲವೂ ಅದ್ಭುತ ಮಾಡಲೇಬೇಕಲ್ಲ, ಆ ಭಯ. ದೊಡ್ಡವರು ಇಂಥ ಉಬ್ಬು ಹೊಗಳಿಕೆಯನ್ನು ಹೆಚ್ಚಾಗಿ ಕೊಡುವುದೂ ಈ ಮಕ್ಕಳಿಗೇ. ಪಾಪ, ಉದ್ದೇಶ ಒಳ್ಳೆಯದೇ.

ಇನ್ನೊಂದು ದಾರಿಯನ್ನು ಜೆಫ್ರಿ ಕೋಹೆನ್ ಮತ್ತು ಜೊತೆಗಾರರು 2006ರಲ್ಲಿ ಪ್ರಯತ್ನಿಸಿದರು. ಏಳನೇ ತರಗತಿಯ ಮಕ್ಕಳು ತಮಗೆ ಬದುಕಿನಲ್ಲಿ ಯಾವುದು ಮುಖ್ಯ, ಯಾಕೆ ಎಂದು ಸುಮಾರು ಕಾಲು ಗಂಟೆ ಬರೆಯಬೇಕು. ಮನೆಯವರು, ಗೆಳೆತನ, ಸಂಗೀತ, ಏನಾದರೂ ಸರಿ. ಅಷ್ಟರಿಂದಲೇ ಕಪ್ಪು ವಿದ್ಯಾರ್ಥಿಗಳ ಅಂಕಗಳು ಸುಧಾರಿಸಿದವು. ಜೇಮ್ಸ್ ಸೂತ್ರ ನೆನಪಿದ್ದರೆ ಇದು ಅರ್ಥವಾಗುತ್ತದೆ. ಮಾರ್ಕ್ಸ್ ಒಂದರ ಮೇಲೇ ಎಲ್ಲವನ್ನೂ ಪಣಕ್ಕಿಟ್ಟ ಮಗುವಿಗೆ ತನ್ನ ಬೇರೆ ನೆಲೆಗಳು ನೆನಪಾದವು. ಬೇರೆ ಶಾಲೆಗಳಲ್ಲಿ ಇದನ್ನೇ ಮಾಡಿದಾಗ ಕೆಲವೆಡೆ ಪರಿಣಾಮ ಚಿಕ್ಕದಾಗಿತ್ತು, ಕೆಲವೆಡೆ ಕಾಣಲೇ ಇಲ್ಲ. ಹಾಗಾಗಿ ಇದನ್ನು ಮಂತ್ರದಂತೆ ನೋಡಬಾರದು.

ಇಷ್ಟೆಲ್ಲ ಪುರಾವೆಗಳಿಗೆ ಹೊಂದುವ ಬದಲಾವಣೆಗಳು ಬಹಳ ಸಣ್ಣವು, ಖರ್ಚಿಲ್ಲದವು. ಉತ್ತರಪತ್ರಿಕೆಯನ್ನು ಹಾಜರಿ ಕ್ರಮದಲ್ಲಿ, ಮಡಚಿ ಕೊಡಬಹುದು. ಫೀಸಿನ ವಿಷಯ ಮನೆಯವರಿಗೆ ಮಾತ್ರ ತಿಳಿಸಬಹುದು. ಹೊಸದಾಗಿ ಸೇರಿದ ಮಗುವಿಗೆ, ಹಳೆಯ ಶಾಲೆಯಿಂದ ಜೊತೆಗೆ ಬಂದ ಒಬ್ಬರನ್ನಾದರೂ ಅದೇ ಸೆಕ್ಷನ್‌ನಲ್ಲಿ ಕೂರಿಸಬಹುದು. ಹೆಸರು ಹಿಡಿದು ಕರೆಯುವ ಒಬ್ಬ ಟೀಚರ್ ಇರುವಂತೆ ನೋಡಿಕೊಳ್ಳಬಹುದು. ಮನೆಯಲ್ಲಿ 'ಎಷ್ಟು ಬಂತು?' ಅನ್ನುವ ಬದಲು 'ಯಾವ ಲೆಕ್ಕ ಕಷ್ಟ ಆಯ್ತು? ತೋರಿಸು' ಅಂತ ಕೇಳಬಹುದು. ಕೇಳಿದ ಮೇಲೆ ಪತ್ರಿಕೆ ಬಿಡಿಸಿ ಪಕ್ಕದಲ್ಲಿ ಕೂರಬೇಕು, ಅಷ್ಟೇ.

ಯಾವಾಗ ಇದು ಬೇರೆ ಸಮಸ್ಯೆ?

ಆತ್ಮಗೌರವ ಕಡಿಮೆ ಇರುವುದು ಕಾಯಿಲೆಯಲ್ಲ. ಈ ವಯಸ್ಸಿನಲ್ಲಿ ಅದು ವಾರದಿಂದ ವಾರಕ್ಕೆ ಏರಿಳಿಯುವುದೂ ಸಹಜ. ಖಿನ್ನತೆ ಬೇರೆ. ಎರಡು ವಾರಕ್ಕೂ ಹೆಚ್ಚು ದಿನ ಮಗು ಸದಾ ಸಪ್ಪಗೆ ಅಥವಾ ಸಿಡಿಮಿಡಿ ಇದ್ದರೆ, ಇಷ್ಟದ ಆಟವನ್ನೂ ಬಿಟ್ಟಿದ್ದರೆ, ನಿದ್ದೆ ಊಟ ಏರುಪೇರಾಗಿದ್ದರೆ, ಶಾಲೆಗೆ ಹೋಗಲು ಪದೇ ಪದೇ ಹಟ ಮಾಡುತ್ತಿದ್ದರೆ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಬೇಕು. ಶಾಲೆಯಲ್ಲಿ ಯಾರಾದರೂ ಕಾಡುತ್ತಿದ್ದಾರಾ ಅಂತಲೂ ಮೆತ್ತಗೆ ವಿಚಾರಿಸಬೇಕು. ಸಾಯುವ ಮಾತು, ಮೈ ಗಾಯ ಮಾಡಿಕೊಳ್ಳುವುದು ಕಂಡರೆ ಎರಡು ವಾರ ಕಾಯುವಂತಿಲ್ಲ, ಮಗುವನ್ನು ಒಂಟಿಯಾಗಿ ಬಿಡದೆ ಅದೇ ದಿನ ತೋರಿಸಬೇಕು.